ಜಪಸರದ ಆ ಒಂದು ಸಾಲು: ಕೊನೆಗೆ ಎಲ್ಲರೂ ಉದ್ಧಾರ ಆಗ್ತಾರಾ?

ಮಳೆಗಾಲ_ವಿರಾಜಪೇಟೆ

ಎಲ್ರಿಗೂ ನಮಸ್ಕಾರ. ಎರಡು ವಾರದಿಂದ ಟೈಪ್ ಮಾಡೋದು ಅಳಿಸೋದು ಇದೇ ಆಗಿದೆ. ಇವತ್ತು ಕರೆಂಟ್ ಇದೆ, ಮಕ್ಕಳು ಮಲಗಿವೆ, ಬರೆದೇ ಬಿಡ್ತೀನಿ. ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಮ್ಮಪ್ಪನ ಕಡೆ ಕ್ಯಾಥೊಲಿಕ್ರು, ವಿರಾಜಪೇಟೆ ಸಂತ ಅನ್ನಮ್ಮ ಚರ್ಚಿನೋರು. ಅಮ್ಮನ ತವರು ಭಾಗಮಂಡಲ ಕಡೆ, ಅರೆಭಾಷೆ ಗೌಡರು. ಅಮ್ಮ ಮದುವೆ ಟೈಮಲ್ಲಿ ಕ್ರೈಸ್ತರಾಗೋಕೆ ಜ್ಞಾನಸ್ನಾನ ತಗೊಂಡ್ರು, ಅಜ್ಜಿ ತಗೊಳ್ಳಲಿಲ್ಲ, ಯಾರೂ ಕೇಳಲೂ ಇಲ್ಲ. ಅಜ್ಜಿ ಪ್ರತಿ ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗಿ ತೀರ್ಥ ತಂದು ಸಣ್ಣ ಬಾಟ್ಲಿಲಿ ದೇವರ ಗೂಡಲ್ಲಿ ಇಡೋರು, ಈಸ್ಟರ್‌ಗೆ ನಮ್ಮನೆಗೆ ಬಂದ್ರೆ ನಮ್ಮ ಜೊತೆ ಚರ್ಚಿಗೂ ಬಂದು ಕೊನೇ ಬೆಂಚಲ್ಲಿ ತಲೆಗೆ ಸೆರಗು ಹೊದ್ದು ಕೂರೋರು.

ಜುಲೈಲಿ ತೀರ್ಕೊಂಡ್ರು. ಕೊನೇ ರಾತ್ರಿ ಅಮ್ಮ ಆ ತೀರ್ಥದ ಬಾಟ್ಲಿ ತಂದ್ರು, ಮುಚ್ಚಳ ತುಕ್ಕು ಹಿಡಿದು ಕಚ್ಕೊಂಡಿತ್ತು, ಸೆರಗಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ತೆಗೆದು ಚಮಚದಲ್ಲಿ ಎರಡು ಹನಿ ಬಿಟ್ರು, ಒಂದು ಬಾಯೊಳಗೆ ಹೋಯ್ತು ಇನ್ನೊಂದು ಕೆನ್ನೆ ಮೇಲೆ ಜಾರಿ ದಿಂಬಿಗೆ ಇಳೀತು. ನಾನು ಮಂಚದ ಈ ಕಡೆ ಜಪಸರ ಹಿಡ್ಕೊಂಡು ಕೂತಿದ್ದೆ. ಹತ್ತು ಮಣಿ ಮುಗಿದ ಮೇಲೆ ಬರುತ್ತಲ್ಲ, ನಮ್ಮನ್ನ ನರಕದ ಬೆಂಕಿಯಿಂದ ಕಾಪಾಡಿ, ಎಲ್ಲಾ ಆತ್ಮಗಳನ್ನೂ ಸ್ವರ್ಗಕ್ಕೆ ಸೇರಿಸಿ, ನಿಮ್ಮ ಕರುಣೆ ತುಂಬ ಬೇಕಾದವರನ್ನ ವಿಶೇಷವಾಗಿ, ಅನ್ನೋ ಪ್ರಾರ್ಥನೆ. ಚಿಕ್ಕಂದಿಂದ ಬಾಯಿಪಾಠ. ಆ ರಾತ್ರಿ ಆ "ಎಲ್ಲಾ" ಅನ್ನೋ ಪದಕ್ಕೆ ಬಂದು ನಿಂತುಬಿಟ್ಟೆ, ಮುಂದಕ್ಕೆ ಹೋಗಲಿಲ್ಲ. ಇಷ್ಟು ವರ್ಷ ಹೇಳ್ತಿದ್ದೀನಲ್ಲ, ನಂಬಿ ಹೇಳ್ತಿದ್ದೀನಾ?

ಮೂರನೇ ದಿನ ನಮ್ಮ ನೆಂಟರೊಬ್ರು, ಒಂದು ಪ್ರಾರ್ಥನಾ ಕೂಟಕ್ಕೆ ಹೋಗೋರು, ವಾಟ್ಸಾಪಲ್ಲಿ ಬರೆದ್ರು. ಅಜ್ಜಿಯ ಅವಕಾಶ ಮುಗೀತು, ಇನ್ನು ನೀವು ಎಚ್ಚರ ಆಗಿ ಅಂತ. ಅಮ್ಮ ಅದನ್ನ ಓದಿ ಮೊಬೈಲ್ ಕವುಚಿ ಇಟ್ಟು ಹಟ್ಟಿಗೆ ಹೋದ್ರು, ಒಂದು ಗಂಟೆ ಒಳಗೆ ಬರಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಕೊನೆಗೆ ದೇವರು ಎಲ್ಲರನ್ನೂ ಸೇರಿಸ್ಕೋತಾನೆ ಅಂತ ಕ್ರೈಸ್ತಳಾಗಿ ನಾನು ನಂಬಬಹುದಾ? ನಂಬೋಕಾಗದಿದ್ರೆ ಆಸೆನಾದ್ರೂ ಪಡಬಹುದಾ?

ವಾಕ್ಯಪ್ರಿಯ

ಸಿಸ್ಟರ್, ನಿಮ್ಮ ಅಜ್ಜಿ ವಿಷಯ ಓದಿ ನಿಜವಾಗ್ಲೂ ದುಃಖ ಆಯ್ತು. ಆ ಮೆಸೇಜು ಮೂರನೇ ದಿನ ಹಾಕಬಾರದಿತ್ತು, ಒಬ್ಬ ವಿಶ್ವಾಸಿಯಾಗಿ ನಾನು ಕ್ಷಮೆ ಕೇಳ್ತೀನಿ. ಆದ್ರೆ ಪ್ರಶ್ನೆ ಕೇಳಿದ್ದೀರಿ, ಸುತ್ತಿ ಬಳಸಿ ಉತ್ತರ ಕೊಟ್ರೆ ಅದೂ ಪ್ರೀತಿ ಅಲ್ಲ. ಮತ್ತಾಯ 25ರ ಕೊನೇ ವಚನ ನೋಡಿ, ಕೆಲವರು ನಿತ್ಯ ದಂಡನೆಗೆ ಕೆಲವರು ನಿತ್ಯ ಜೀವಕ್ಕೆ. ಎರಡಕ್ಕೂ ಒಂದೇ ಪದ. ಜೀವ ನಿತ್ಯ ಆದ್ರೆ ದಂಡನೆಯೂ ನಿತ್ಯನೇ. ಮತ್ತಾಯ 7ರಲ್ಲಿ ಇಕ್ಕಟ್ಟಾದ ಬಾಗಿಲು, ಕಂಡುಕೊಳ್ಳೋರು ಸ್ವಲ್ಪ ಜನ ಅಂತ ಯೇಸುಸ್ವಾಮಿಯೇ ಹೇಳಿದ್ದು. ಲೂಕ 16ರಲ್ಲಿ ಸತ್ತ ಮೇಲೆ ಯಾತನೆಲಿರೋ ಐಶ್ವರ್ಯವಂತನಿಗೂ ನೆಮ್ಮದಿಲಿರೋ ಬಡವ ಲಾಜರನಿಗೂ ಮಧ್ಯೆ ದಾಟೋಕಾಗದ ದೊಡ್ಡ ಕಂದಕ. ಇಬ್ರಿಯ 9:27, ಒಂದೇ ಸಾರಿ ಸಾವು ಆಮೇಲೆ ನ್ಯಾಯತೀರ್ಪು. ಎಲ್ಲರಿಗೂ ಹೇಗಿದ್ರೂ ರಕ್ಷಣೆ ಸಿಗೋದಾದ್ರೆ ಶಿಲುಬೆ ಯಾಕೆ ಬೇಕಿತ್ತು? ನಮ್ಮಪ್ಪ ಕುಡಿದು ಕುಡಿದು ಮನೆ ಹಾಳು ಮಾಡಿದ್ದೋರು 52ನೇ ವಯಸ್ಸಲ್ಲಿ ತಿರುಗಿದ್ರು. ಹೇಗಿದ್ರೂ ಪಾರಾಗ್ತೀನಿ ಅಂತ ಗೊತ್ತಿದ್ದಿದ್ರೆ ತಿರುಗ್ತಿದ್ರಾ? ಇದು ನನಗೆ ವಾದ ಅಲ್ಲ, ನಮ್ಮ ಮನೆ ಕಥೆ.

ಹಳೇಪುಸ್ತಕ

ನಾನು ಸ್ವಲ್ಪ ಕಾಲ ಸೆಮಿನರಿಲಿ ಓದಿ ಬಿಟ್ಟು ಬಂದೋನು, ಈಗ ಕುಶಾಲನಗರದಲ್ಲಿ ಅಂಗಡಿ. ಗೊತ್ತಿರೋದು ಹೇಳ್ತೀನಿ.

ಮೊದಲು ಒಂದು ಮಾತು, ಈ ಪ್ರಶ್ನೆ ಈಗಿನ ಕಾಲದ ಸಡಿಲು ಜನ ಹುಟ್ಟುಹಾಕಿದ್ದಲ್ಲ. ಮೂರನೇ ಶತಮಾನದ ಅಲೆಕ್ಸಾಂಡ್ರಿಯಾದ ಒರಿಗನ್, ತನ್ನ ನಂಬಿಕೆಗೋಸ್ಕರ ಜೈಲಲ್ಲಿ ಚಿತ್ರಹಿಂಸೆ ತಿಂದ ಮನುಷ್ಯ, ದೇವರ ಶಿಕ್ಷೆ ಅಂದ್ರೆ ವೈದ್ಯ ಕೊಡೋ ಮದ್ದಿನ ಥರ, ಕೊನೆಗೆ ಎಲ್ಲವೂ ಮೊದಲಿನ ಸ್ಥಿತಿಗೆ ಬರುತ್ತೆ ಅಂತ ಬರೆದ. ಗ್ರೀಕಲ್ಲಿ ಇದಕ್ಕೆ ಅಪೊಕಟಾಸ್ಟಸಿಸ್ ಅಂತಾರೆ, ಅಪೊಸ್ತಲರ ಕೃತ್ಯಗಳು 3:21ರಲ್ಲಿ ಎಲ್ಲವೂ ಪುನಃ ಸ್ಥಾಪನೆ ಆಗೋ ಕಾಲ ಅಂತ ಬರುತ್ತಲ್ಲ ಅದೇ ಪದ. ಮುಂದೆ 543ರಲ್ಲಿ ಜಸ್ಟೀನಿಯನ್ ಚಕ್ರವರ್ತಿ ಒರಿಗನ್ ವಿರುದ್ಧ ಆಜ್ಞೆ ಹೊರಡಿಸಿದ, 553ರಲ್ಲಿ ಕಾನ್‌ಸ್ಟಾಂಟಿನೋಪಲಲ್ಲಿ ಸೇರಿದ ಬಿಷಪ್‌ಗಳ ಸಭೆ ಜೊತೆಗೂ ಆ ಖಂಡನೆಗಳ ಹೆಸರು ಸೇರ್ಕೊಂಡಿದೆ, ಆದ್ರೆ ಅವು ಆ ಸಭೆಯ ಅಧಿಕೃತ ತೀರ್ಮಾನವೇ ಹೌದಾ ಅಂತ ವಿದ್ವಾಂಸರು ಇವತ್ತಿಗೂ ಜಗಳ ಆಡ್ತಾರೆ. ಸಂತ ಅಗಸ್ಟೀನ್ ಅಂತೂ ವಾಕ್ಯಪ್ರಿಯ ಅವರು ಹೇಳಿದ ಅದೇ ಮತ್ತಾಯ 25ರ ವಾದವನ್ನೇ ಹಿಡಿದ್ರು. ಪಶ್ಚಿಮದ ಚರ್ಚು ಹೆಚ್ಚುಕಮ್ಮಿ ಅವರ ಹಿಂದೆ ಹೋಯ್ತು. ಅದನ್ನ ಮುಚ್ಚಿಡೋದ್ರಲ್ಲಿ ಅರ್ಥ ಇಲ್ಲ.

ಆದ್ರೆ ನಾಲ್ಕನೇ ಶತಮಾನದ ಬಿಷಪ್ ನಿಸ್ಸಾದ ಗ್ರೆಗರಿ ಇದ್ದಾರಲ್ಲ, ಅವರೂ ಎಲ್ಲರೂ ಕೊನೆಗೆ ಶುದ್ಧ ಆಗ್ತಾರೆ ಅಂತ ಬರೆದೋರೇ. ಅವರನ್ನ ಯಾರೂ ಹೊರಗೆ ಹಾಕಲಿಲ್ಲ, ಪೂರ್ವದಲ್ಲೂ ಪಶ್ಚಿಮದಲ್ಲೂ ಸಂತರು. ನಾವು ಭಾನುವಾರ ಹೇಳೋ ವಿಶ್ವಾಸ ಸಂಗ್ರಹ ಇದೆಯಲ್ಲ, ಅದನ್ನ ಬೆಳೆಸಿದ 381ರ ಬಿಷಪ್‌ಗಳ ಸಭೆಯಲ್ಲಿ ಕೂತಿದ್ದೋರು. ಆ ಸಂಗ್ರಹದಲ್ಲಿ ಬದುಕಿರೋರಿಗೂ ಸತ್ತೋರಿಗೂ ತೀರ್ಪು ಕೊಡೋಕೆ ಬರ್ತಾನೆ ಅಂತ ಇದೆ. ನರಕ ಎಷ್ಟು ಕಾಲ ಅಂತ ಅದರಲ್ಲಿ ಒಂದು ಮಾತೂ ಇಲ್ಲ.

ಪದದ ವಿಷಯ. ನಿತ್ಯ ಅಂತ ನಾವು ಓದೋದು ಗ್ರೀಕಿನ ಅಯೋನಿಯೋಸ್, ಅದು ಅಯೋನ್ ಅಂದ್ರೆ ಯುಗ ಅನ್ನೋದರಿಂದ ಬಂದಿದ್ದು, ಬರಲಿರೋ ಯುಗಕ್ಕೆ ಸೇರಿದ್ದು ಅಂತಲೂ ಅರ್ಥ ಮಾಡ್ತಾರೆ. ದಂಡನೆ ಅನ್ನೋದಕ್ಕಿರೋ ಕೋಲಾಸಿಸ್ ಹಳೇ ಗ್ರೀಕಲ್ಲಿ ಗಿಡದ ಬೇಡದ ರೆಂಬೆ ಸವರೋದಕ್ಕೂ ಬರ್ತಿತ್ತು, ತೋಟದೋರಿಗೆ ಗೊತ್ತಿರೋ ಕೆಲಸ. ಆದ್ರೆ ಯೇಸು ಕಾಲಕ್ಕೆ ಅದು ಬರೀ ಶಿಕ್ಷೆ ಅನ್ನೋ ಅರ್ಥದಲ್ಲೂ ಧಾರಾಳ ಬಳಕೆ ಇತ್ತು, ಹಾಗಾಗಿ ಒಂದು ಪದದ ಮೇಲೆ ಮನೆ ಕಟ್ಟೋಕೆ ಹೋಗಬೇಡಿ ಅಂತ ನಾನೇ ಹೇಳ್ತೀನಿ.

ಪಲ್ಪರ್_ಶೆಡ್

ನಾನು ದೇವಶಾಸ್ತ್ರ ಓದಿಲ್ಲ. ಆದ್ರೆ ನಮ್ಮ ಪಾಸ್ಟರ್ ಯಾವಾಗ್ಲೂ ಹೊಟ್ಟು ಗೋಧಿ ಬೇರೆ ಮಾಡೋದರ ಮೇಲೆ ಪ್ರಸಂಗ ಮಾಡ್ತಾರೆ, ಹೊಟ್ಟು ಆರದ ಬೆಂಕಿಗೆ ಅಂತ, ಮತ್ತಾಯ 3:12. ಗೋಧಿ ನಾನು ನೋಡಿಲ್ಲ, ಕಾಫಿ ನೋಡಿದ್ದೀನಿ. ಡಿಸೆಂಬರಲ್ಲಿ ಅರೇಬಿಕಾ ಹಣ್ಣು ಬಂದ ತಕ್ಷಣ ತೊಟ್ಟಿಗೆ ಹಾಕ್ತೀವಿ, ಒಳ್ಳೇದು ಮುಳುಗುತ್ತೆ, ಬೋರರ್ ಹುಳು ತಿಂದಿದ್ದು ಜೊಳ್ಳು ತೇಲುತ್ತೆ. ತೇಲಿದ್ದನ್ನ ಬುಟ್ಟಿಲಿ ಬಾಚಿ ತೆಗೀತೀವಿ, ಸಿಪ್ಪೆ ಬಿಡಿಸೋ ಪಲ್ಪರಿಗೆ ಹಾಕಲ್ಲ. ಎಸೀತೀವಾ ಅಂದ್ರೆ ಇಲ್ಲ. ಕಣದಲ್ಲಿ ಬೇರೆ ಹರಡಿ ಸಿಪ್ಪೆ ಸಮೇತ ಚೆರ್ರಿ ಮಾಡಿ ಒಣಗಿಸ್ತೀವಿ, ಜಾಸ್ತಿ ದಿನ ಬಿಸಿಲು ಬೇಕು, ರೇಟು ಕಮ್ಮಿ, ಆದ್ರೂ ಅದೂ ಕ್ಯೂರಿಂಗಿಗೆ ಹೋಗುತ್ತೆ. ಒಂದು ಸಣ್ಣ ತೋಟದೋನಾಗಿ ನಾನೇ ತೇಲಿದ್ದನ್ನ ಬಿಟ್ಟುಕೊಡಲ್ಲ ಅಂದ್ಮೇಲೆ ದೇವರು ಬಿಡ್ತಾನಾ ಅಂತ ತೊಟ್ಟಿ ಹತ್ರ ನಿಂತಾಗೆಲ್ಲಾ ಅನ್ಸುತ್ತೆ. ತಪ್ಪಿದ್ರೆ ತಿದ್ದಿ.

ವಾಕ್ಯಪ್ರಿಯ

ಬ್ರದರ್ ಉದಾಹರಣೆ ಚೆನ್ನಾಗಿದೆ ಆದ್ರೆ ಸ್ನಾನಿಕ ಯೊಹಾನ ಹೇಳಿದ್ದು ಹೊಟ್ಟಿನ ವಿಷಯ, ಜೊಳ್ಳು ಹಣ್ಣಿನ ವಿಷಯ ಅಲ್ಲ. ನಮಗೆ ಬೇಕಾದ ಬೆಳೆಗೆ ವಾಕ್ಯವನ್ನ ಬದಲಾಯಿಸೋದು ಸರಿಯಲ್ಲ.

ಆನಂದಪುರದ_ಮೊಮ್ಮಗ

ಇಷ್ಟೊತ್ತು ಓದ್ತಾ ಇದ್ದೆ. ಎಲ್ರೂ ಒಳ್ಳೇ ಅಜ್ಜಿಗಳ ಬಗ್ಗೆ ಮಾತಾಡ್ತಿದ್ದೀರಿ. ನಾನು ಕೆಟ್ಟ ಧಣಿಗಳ ಬಗ್ಗೆ ಕೇಳ್ತೀನಿ.

ನಮ್ಮೋರು ಜಮ್ಮಾ, ಅಂದ್ರೆ ವಂಶಪಾರಂಪರ್ಯದ, ಗದ್ದೆ ಜೊತೆಗೇ ಸೇರ್ಕೊಂಡಿದ್ದ ಆಳುಗಳು. ಗದ್ದೆ ಯಾರದ್ದೋ ನಾವು ಅವರದ್ದು. 1850ರ ದಶಕದಲ್ಲಿ ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ಕೊಡಗಿಗೆ ಬಂದು ಆನಂದಪುರ ಅನ್ನೋ ಕ್ರೈಸ್ತರ ಊರು ಕಟ್ಟಿದಾಗ ನಮ್ಮ ಹಿರೀಕರು ಸೇರಿದ್ರು. ಆದ್ರೆ ಎಲ್ಲರ ಕಥೆ ಅಲ್ಲಿಗೆ ಮುಗೀಲಿಲ್ಲ. ನಮ್ಮ ತಾತನ ಅಪ್ಪ ಸಾಲಕ್ಕೆ ಬಿದ್ದು ಮತ್ತೆ ಒಬ್ಬರ ತೋಟದಲ್ಲಿ ಜೀತಕ್ಕೆ ನಿಂತ್ರು, ಜೀತ ನಿಲ್ಲಿಸೋ ಕಾನೂನು ಬಂದಿದ್ದು 1976ಕ್ಕೆ, ಅವರು ಅಷ್ಟು ದಿನ ಬದುಕಲಿಲ್ಲ. ಅವರ ಬೆನ್ನ ಮೇಲೆ ಮೂರು ಗೆರೆ ಇತ್ತು ಅಂತ ನಮ್ಮ ತಾತ ತನ್ನ ಬೆರಳಿಂದ ನನ್ನ ಬೆನ್ನ ಮೇಲೆ ಎಳೆದು ತೋರಿಸ್ತಿದ್ರು, ಇಲ್ಲಿಂದ ಇಲ್ಲಿಗೆ, ಇಲ್ಲಿಂದ ಇಲ್ಲಿಗೆ ಅಂತ. ಆ ಬೆರಳು ಇವತ್ತಿಗೂ ನನಗೆ ನೆನಪಿದೆ.

ಈಗ ಹೇಳಿ. ಆ ಗೆರೆ ಎಳೆದೋನು ಹಾಸಿಗೆ ಮೇಲೆ ಸುಖವಾಗಿ ಸತ್ತ. ಅವನೂ ಸ್ವರ್ಗ, ನಮ್ಮ ಮುತ್ತಾತನೂ ಸ್ವರ್ಗ, ಇಬ್ರೂ ಒಂದೇ ಪಂಕ್ತಿಲಿ ಊಟಕ್ಕೆ ಕೂರಬೇಕಾ? ನರಕ ಇರಲೇಬೇಕು ಅಂತ ಹೇಳೋರೆಲ್ಲಾ ಕಲ್ಲು ಮನಸ್ಸಿನೋರು ಅಂತ ತಿಳೀಬೇಡಿ. ಭೂಮಿ ಮೇಲೆ ನ್ಯಾಯ ಸಿಗದೋರಿಗೆ ಅದೊಂದೇ ಕೋರ್ಟು.

ಮಳೆಗಾಲ_ವಿರಾಜಪೇಟೆ

ನಿಮ್ಮ ಪೋಸ್ಟ್ ಓದಿ ನಿನ್ನೆ ಉತ್ತರ ಬರೆಯೋಕಾಗಲಿಲ್ಲ. ನಾನು ಪ್ರಶ್ನೆ ಕೇಳಿದ್ದೇ ಅರ್ಧ ಅಂತ ಗೊತ್ತಾಯ್ತು. "ಎಲ್ಲಾ" ಅಂದಾಗ ನನ್ನ ತಲೆಲಿ ಇದ್ದಿದ್ದು ಅಜ್ಜಿ ಮಾತ್ರ. ಆ ಪದಕ್ಕೆ ಧಣಿಯೂ ಸೇರ್ತಾನೆ ಅನ್ನೋದು ಹೊಳೆದೇ ಇರಲಿಲ್ಲ. ನಿಮಗೆ ನನ್ನ ಹತ್ರ ಉತ್ತರ ಇಲ್ಲ, ಸುಳ್ಳು ಹೇಳಲ್ಲ.

ವಾಕ್ಯಪ್ರಿಯ ಅವರಿಗೆ ಒಂದು ಮಾತು. ನೀವು ಕೊಟ್ಟ ಮತ್ತಾಯ 25ನ್ನ ಪೂರ್ತಿ ಓದಿದೆ, ಕೊನೇ ವಚನ ಮಾತ್ರ ಅಲ್ಲ. ಅಲ್ಲಿ ರಾಜ ಕೇಳೋದು ಏನು? ಹಸಿದಿದ್ದೆ ಊಟ ಕೊಟ್ರಾ, ಪರದೇಶಿಯಾಗಿದ್ದೆ ಸೇರಿಸ್ಕೊಂಡ್ರಾ. ಅವರು ಕೇಳ್ತಾರೆ, ಸ್ವಾಮಿ ನಿನ್ನನ್ನ ಯಾವಾಗ ನೋಡಿದ್ವಿ ಅಂತ. ಗೊತ್ತಿಲ್ಲದೇ ಮಾಡಿದೋರು! ನಮ್ಮ ಚರ್ಚಿನ ಕಥೆ ನೋಡಿ. ಟಿಪ್ಪು ಸೆರೆಯಿಂದ ತಪ್ಪಿಸ್ಕೊಂಡು ಬಂದ ಕ್ಯಾಥೊಲಿಕರಿಗೆ 1792ರಲ್ಲಿ ವಿರಾಜಪೇಟೆಲಿ ಜಾಗ ಕೊಟ್ಟು ನೆಲೆ ನಿಲ್ಲಿಸಿದ್ದು ದೊಡ್ಡವೀರರಾಜೇಂದ್ರ, ಲಿಂಗಾಯತ ರಾಜ, ಜ್ಞಾನಸ್ನಾನ ಆಗಿರ್ಲಿಲ್ಲ. ಪರದೇಶಿಯಾಗಿದ್ದೆ ಸೇರಿಸ್ಕೊಂಡೆ ಅನ್ನೋ ಮಾತು ಅವನಿಗೆ ಹೇಳದೇ ಇನ್ಯಾರಿಗೆ ಹೇಳ್ತಾರೆ? ಪ್ರತಿ ಭಾನುವಾರ ನಾನು ಮಂಡಿ ಊರೋ ನೆಲ ಅವನು ಕೊಟ್ಟಿದ್ದು. ಆ ನೆಲದ ಮೇಲೆ ಕೂತು ಅವನು ನರಕದಲ್ಲಿದ್ದಾನೆ ಅಂತ ಹೇಳೋಕೆ ನನ್ನ ಬಾಯಿ ಬರಲ್ಲ.

ವಾಕ್ಯಪ್ರಿಯ

ಅದು ಒಪ್ಪೋ ಮಾತು, ಯೋಚನೆ ಮಾಡ್ತೀನಿ. ಆದ್ರೆ ಅದೇ ಅಧ್ಯಾಯದಲ್ಲಿ ಎಡಗಡೆ ನಿಂತು ದಂಡನೆಗೆ ಹೋಗೋರೂ ಇದ್ದಾರೆ ಸಿಸ್ಟರ್. ಅವರನ್ನ ಅಳಿಸೋಕಾಗಲ್ಲ.

ಇನ್ನೊಂದು, ನಿಮ್ಮ ಜಪಸರದ ಪ್ರಾರ್ಥನೆ 1917ರಲ್ಲಿ ಪೋರ್ಚುಗಲ್ಲಿನ ಫಾತಿಮಾದಲ್ಲಿ ಮರಿಯಮ್ಮ ಮೂರು ಮಕ್ಕಳಿಗೆ ಕಾಣಿಸ್ಕೊಂಡು ಕಲಿಸಿದ್ದು ಅಂತ ನನ್ನ ಕ್ಯಾಥೊಲಿಕ್ ಸ್ನೇಹಿತ ಹೇಳಿದ. ಆ ಮಕ್ಕಳಿಗೆ ನರಕದ ದರ್ಶನ ಆಗಿದ್ದೂ ಅದೇ ಜುಲೈ 13ಕ್ಕಂತೆ. ಅದನ್ನೂ ಹೇಳಬೇಕಲ್ವಾ?

ಮಳೆಗಾಲ_ವಿರಾಜಪೇಟೆ

ಹೌದು, ನಿಜ. ಆದ್ರೆ ಯೋಚನೆ ಮಾಡಿ, ಆ ಭಯಂಕರ ನೋಡಿದ ಮೇಲೆ ಆ ಮಕ್ಕಳಿಗೆ ಕಲಿಸಿದ ಪ್ರಾರ್ಥನೆ ಯಾವುದು? ಎಲ್ಲರನ್ನೂ ಸೇರಿಸು ಅಂತ. ಕೆಲವರನ್ನ ಅಂತ ಕಲಿಸಲಿಲ್ಲ.

ಹಳೇಪುಸ್ತಕ

ಆನಂದಪುರದ ಅಣ್ಣನ ಪ್ರಶ್ನೆ ಈ ಇಡೀ ಚರ್ಚೆಲೇ ದೊಡ್ಡದು. ಗ್ರೆಗರಿ ಇದಕ್ಕೆ ಹತ್ರ ಬರೋ ಒಂದು ಮಾತು ಹೇಳಿದ್ದಾರೆ, ಅದು ಅವರ ಅಕ್ಕ ಮಕ್ರೀನಾ ಸಾಯೋ ಹಾಸಿಗೆ ಮೇಲೆ ಇದ್ದಾಗ ಇಬ್ರೂ ಮಾತಾಡಿದ ಥರ ಬರೆದಿರೋ ಪುಸ್ತಕದಲ್ಲಿ. ಒಂದು ಹಗ್ಗಕ್ಕೆ ಉದ್ದಕ್ಕೂ ಕೆಸರು ಮೆತ್ತಿ ಗಟ್ಟಿಯಾಗಿದೆ ಅಂತ ಇಟ್ಕೊಳ್ಳಿ. ಅದರ ತುದಿನ ಒಂದು ಸಣ್ಣ ತೂತಿಂದ ತೂರಿಸಿ ಆ ಕಡೆಯಿಂದ ಒಬ್ಬ ಜೋರಾಗಿ ಎಳೀತಾನೆ. ಹಗ್ಗ ಆ ಕಡೆ ಹೋಗುತ್ತೆ, ಕೆಸರು ಈ ಕಡೆ ಉಜ್ಜಿ ಉಜ್ಜಿ ಉದುರುತ್ತೆ. ಎಳೆಯೋನಿಗೆ ಬೇಕಾಗಿರೋದು ಹಗ್ಗ, ನೋವು ಕೊಡೋದು ಅವನ ಉದ್ದೇಶ ಅಲ್ಲ, ಆದ್ರೆ ಕೆಸರು ಎಷ್ಟು ಮೆತ್ತಿದೆಯೋ ಅಷ್ಟು ಹೊತ್ತು ಅಷ್ಟು ಹಿಂಸೆ. ಅಂದ್ರೆ ಗ್ರೆಗರಿ ಪ್ರಕಾರ ಬೆಂಕಿ ರದ್ದಾಗಲ್ಲ. ಆ ಧಣಿ ಒಂದು ಕಾಸೂ ಬಿಡದೇ ತೀರಿಸ್ತಾನೆ. ಪಂಕ್ತಿಲಿ ಕೂರೋ ಹೊತ್ತಿಗೆ ಚಾಟಿ ಹಿಡಿದಿದ್ದ ಆ ಮನುಷ್ಯ ಉಳಿದಿರಲ್ಲ.

ಇನ್ನೊಂದು ವಿಷಯ ನಿಮಗೆ ಹತ್ರದ್ದು. ಮೋಗ್ಲಿಂಗ್ ಬಂದಿದ್ದು ಜರ್ಮನಿಯ ವ್ಯೂರ್ಟೆಂಬರ್ಗ್ ನಾಡಿಂದ. ಅದೇ ನಾಡಲ್ಲಿ ಮಿಖಾಯೆಲ್ ಹಾನ್ ಅಂತ ಒಬ್ಬ ರೈತ ಬೋಧಕ ಇದ್ದ, 1819ರಲ್ಲಿ ತೀರ್ಕೊಂಡ, ಕೊನೆಗೆ ದೇವರು ಎಲ್ಲವನ್ನೂ ವಾಪಸ್ ತರ್ತಾನೆ ಅಂತ ಬಹಿರಂಗವಾಗಿ ಹೇಳ್ತಿದ್ದ, ಅವನ ಹಿಂದೆ ಹಳ್ಳಿ ಹಳ್ಳಿಲಿ ಜನ ಇದ್ರು. ಮೋಗ್ಲಿಂಗ್ ಹಾಗೆ ನಂಬಿದ್ರು ಅಂತ ನಾನು ಹೇಳ್ತಿಲ್ಲ. ಆದ್ರೆ ಆನಂದಪುರಕ್ಕೆ ಸುವಾರ್ತೆ ಬಂದ ನಾಡಲ್ಲಿ ಈ ಮಾತೂ ಇತ್ತು.

ಆನಂದಪುರದ_ಮೊಮ್ಮಗ

ಹಗ್ಗದ ಮಾತು ಅರ್ಥ ಆಯ್ತು. ಸಿಟ್ಟು ಹೋಗಿಲ್ಲ, ಆದ್ರೆ ಅರ್ಥ ಆಯ್ತು. ಒಂದು ಕಂಡೀಷನ್ ಇದೆ. ಕೆಸರು ಉದುರೋವಾಗ ನಮ್ಮ ಮುತ್ತಾತ ಅಲ್ಲಿ ನಿಂತು ನೋಡಬೇಕು. ಅವರ ಮುಖಕ್ಕೆ ಮುಖ ಕೊಟ್ಟು ಅವನು ಆ ಮೂರು ಗೆರೆ ಬಗ್ಗೆ ಮಾತಾಡಬೇಕು. ದೇವರ ಹತ್ರ ಮಾತ್ರ ಕ್ಷಮೆ ಕೇಳಿ ಮುಗಿಸೋ ಹಾಗಿಲ್ಲ.

ಹಳೇಪುಸ್ತಕ

ಬಲಿಪೀಠದ ಹತ್ರ ಕಾಣಿಕೆ ಬಿಟ್ಟು ಮೊದಲು ಹೋಗಿ ಸಹೋದರನ ಜೊತೆ ರಾಜಿ ಆಗು, ಮತ್ತಾಯ 5. ನಿಮ್ಮ ಕಂಡೀಷನ್ ಯೇಸು ಆಗಲೇ ಹಾಕಿದ್ದಾರೆ ಅಣ್ಣ.

ಕೈಮಡದ_ದೀಪ

ನಾನು ಕ್ರಿಶ್ಚಿಯನ್ ಅಲ್ಲ, ಕೊಡವ, ಓದ್ತಾ ಇದ್ದೆ. ನಮ್ಮಲ್ಲಿ ವರ್ಷಕ್ಕೊಂದು ಸಾರಿ ಕಾರಣವರಿಗೆ, ತೀರಿಹೋದ ಹಿರಿಯರಿಗೆ, ಎಡೆ ಇಡ್ತೀವಿ. ಇಡೋವಾಗ ಸತ್ತೋರಲ್ಲಿ ಯಾರು ಪಾಸು ಯಾರು ಫೇಲು ಅಂತ ಕೇಳಲ್ಲ, ಒಕ್ಕದ, ಅಂದ್ರೆ ಮನೆತನದ, ಹಿರಿಯರು ಅಂದ್ರೆ ಎಲ್ರೂ ಹಿರಿಯರೇ. ನನ್ನ ಜೊತೆ ಸ್ಕೂಲಲ್ಲಿ ಓದಿದ ಒಬ್ಬ ಪ್ರೀತಿಯ ಸ್ನೇಹಿತೆ, ಕ್ರಿಶ್ಚಿಯನ್, ಒಂದಿನ ಅಳ್ತಾ ನೀನು ನನ್ನ ಜೊತೆ ಸ್ವರ್ಗಕ್ಕೆ ಬರಲ್ವಲ್ಲ ಅಂದ್ಲು. ಅವಳು ನನ್ನನ್ನ ಹೀಯಾಳಿಸಲಿಲ್ಲ, ನಿಜಕ್ಕೂ ಅತ್ತಳು. 20 ವರ್ಷ ಆಯ್ತು, ಆ ಅಳು ನೆನಪಿದೆ. ನಿಮ್ಮ ಈ ಮಾತುಕತೆ ಅವಳಿಗೂ ಯಾರಾದ್ರೂ ತಲುಪಿಸಿದ್ರೆ ಚೆನ್ನಾಗಿರುತ್ತೆ.

ಮಕ್ಕಂದೂರು_ಕಡೆಯವ

2018ರ ಆಗಸ್ಟಲ್ಲಿ ಗುಡ್ಡ ಜಾರಿದಾಗ ನಮ್ಮ ಪರಿಚಯದೋರೊಬ್ರು ಮನೆ ಸಮೇತ ಹೋದ್ರು. ತೀರ್ಮಾನ ತಗೊಳ್ಳೋಕೆ ಅವರಿಗೆ ಎಷ್ಟು ಸೆಕೆಂಡ್ ಸಿಕ್ತು? 1 ಪೇತ್ರ 3:19ರಲ್ಲಿ ಕ್ರಿಸ್ತ ಸೆರೆಯಲ್ಲಿದ್ದ ಆತ್ಮಗಳಿಗೆ ಹೋಗಿ ಸಾರಿದ ಅಂತ ಇದೆ, 4:6ರಲ್ಲಿ ಸತ್ತೋರಿಗೂ ಸುವಾರ್ತೆ ಅಂತ ಇದೆ. ಶುಭ ಶುಕ್ರವಾರಕ್ಕೂ ಈಸ್ಟರ್‌ಗೂ ಮಧ್ಯದ ಆ ಶನಿವಾರ ಸುಮ್ನೆ ಖಾಲಿ ದಿನ ಅಲ್ಲ. ಇಷ್ಟು ಮಾತ್ರ ಹೇಳೋಕೆ ಬಂದೆ.

ಹಳೇಪುಸ್ತಕ

ಸರಿಯಾಗಿ ಹೇಳಿದ್ರಿ. ಪೂರ್ವದ ಸಭೆಗಳ ಪುನರುತ್ಥಾನದ ಚಿತ್ರ ನೋಡಿ, ಕ್ರಿಸ್ತ ಒಬ್ಬನೇ ಮೇಲೆ ಏಳ್ತಿರಲ್ಲ, ಮುರಿದು ಬಿದ್ದಿರೋ ಪಾತಾಳದ ಬಾಗಿಲ ಮೇಲೆ ನಿಂತು ಆದಾಮನನ್ನ ಹವ್ವಳನ್ನ ಗೋರಿಯಿಂದ ಎಳೀತಿರ್ತಾನೆ. ಹೆಚ್ಚಾಗಿ ಹಿಡಿದಿರೋದು ಮಣಿಕಟ್ಟನ್ನ. ನಮ್ಮ ಮಲಯಾಳಿ ಸಿರಿಯನ್ ಸ್ನೇಹಿತರು ಇದ್ರೆ, ನಿಮ್ಮ ಸಿರಿಯಾಕ್ ಪರಂಪರೆಲೇ ಏಳನೇ ಶತಮಾನದ ನಿನೆವೆಯ ಇಸಾಕ್ ಇದ್ದಾರೆ, ಎಲ್ಲಾ ಮನುಷ್ಯರ ಪಾಪ ಸೇರಿಸಿದ್ರೂ ದೇವರ ಮುಂದೆ ಅದು ಸಮುದ್ರಕ್ಕೆ ಎಸೆದ ಒಂದು ಹಿಡಿ ಮರಳು ಅಂದೋರು.

ಧರ್ಮೋಪದೇಶ_ಟೀಚರ್

ನಾನು ಮಕ್ಕಳಿಗೆ ಕ್ಯಾಟಿಕಿಸಂ ಹೇಳಿಕೊಡ್ತೀನಿ, ಮೂಲ ಪ್ರಶ್ನೆಗೆ ನಮ್ಮ ಸಭೆ ಏನು ಹೇಳುತ್ತೆ ಅಂತ ಹೇಳ್ತೀನಿ. 1992ರ ಧರ್ಮೋಪದೇಶ ಗ್ರಂಥದ 1035ನೇ ಪ್ಯಾರಾ ನರಕ ಇದೆ, ಅದು ಶಾಶ್ವತ ಅನ್ನುತ್ತೆ. ಅದೇ ಪುಸ್ತಕದ 1058, ಯಾರೂ ಕಳೆದುಹೋಗಬಾರದು ಅಂತ ಸಭೆ ಪ್ರಾರ್ಥಿಸುತ್ತೆ ಅನ್ನುತ್ತೆ, ಎಲ್ಲರೂ ರಕ್ಷಣೆ ಹೊಂದಬೇಕು ಅನ್ನೋದು ದೇವರ ಆಸೆ ಅಂತ 1 ತಿಮೊಥೆಯ 2:4ನ್ನ ನೆನಪಿಸುತ್ತೆ. ಹಾಗಾಗಿ ಎಲ್ಲರೂ ಖಂಡಿತ ಸೇರ್ತಾರೆ ಅಂತ ನಾನು ಮಕ್ಕಳಿಗೆ ಪಾಠ ಮಾಡೋಕಾಗಲ್ಲ. ಇಂಥವರು ನರಕದಲ್ಲಿದ್ದಾರೆ ಅಂತಲೂ ಮಾಡೋಕಾಗಲ್ಲ, ಯಾಕಂದ್ರೆ ಸಭೆ ಸಾವಿರಾರು ಜನರನ್ನ ಸಂತರು ಅಂತ ಸಾರಿದೆ, ಒಬ್ಬನೇ ಒಬ್ಬನ ಹೆಸರು ಹಿಡಿದು ಇವನು ನರಕದಲ್ಲಿದ್ದಾನೆ ಅಂತ ಸಾರಿಲ್ಲ. ಹಾನ್ಸ್ ಉರ್ಸ್ ಫಾನ್ ಬಾಲ್ತಸಾರ್ ಅನ್ನೋ ದೇವಶಾಸ್ತ್ರಜ್ಞ 1980ರ ದಶಕದಲ್ಲಿ ಇದನ್ನೇ ಹಿಡಿದು ಎಲ್ಲರಿಗೋಸ್ಕರ ಭರವಸೆ ಇಡೋಕೆ ನಮಗೆ ಅನುಮತಿ ಇದೆ, ಇಡಲೇಬೇಕು ಅಂದ್ರು, ತುಂಬ ಬೈಸಿಕೊಂಡ್ರು.

ಇನ್ನೊಂದು ಮುಖ್ಯ ವಿಷಯ ಮಳೆಗಾಲ ಅವರೇ. ಸಭೆಯ ಕಾನೂನಿನ 901ನೇ ವಿಧಿ ಪ್ರಕಾರ ಗುರುಗಳು ಬಲಿಪೂಜೆಯನ್ನ ಯಾರಿಗೋಸ್ಕರ ಬೇಕಾದ್ರೂ ಅರ್ಪಿಸಬಹುದು, ಬದುಕಿರೋರಾಗ್ಲಿ ಸತ್ತಿರೋರಾಗ್ಲಿ. ಜ್ಞಾನಸ್ನಾನ ಆಗಿರ್ಬೇಕು ಅಂತ ಇಲ್ಲ. ನವೆಂಬರ್ 2ಕ್ಕೆ ಮೃತರ ಸ್ಮರಣೆ ದಿನ ನಿಮ್ಮ ಅಜ್ಜಿ ಹೆಸರು ಕೊಡಿ.

ಮಳೆಗಾಲ_ವಿರಾಜಪೇಟೆ

ಇದು ನನಗೆ ಗೊತ್ತೇ ಇರ್ಲಿಲ್ಲ. ಅಮ್ಮನಿಗೆ ಓದಿ ಹೇಳಿದೆ, ಏನೂ ಮಾತಾಡಲಿಲ್ಲ, ಇನ್ನೊಂದು ಸಾರಿ ಓದು ಅಂದ್ರು.

ಈಗ ನನ್ನ ಮನಸ್ಸಲ್ಲಿ ಇರೋದು ಹೇಳ್ತೀನಿ. ಎಲ್ಲರೂ ಸೇರ್ತಾರೆ ಅಂತ ಗ್ಯಾರಂಟಿ ಕೊಡೋಕೆ ನಾನ್ಯಾರು. ಆದ್ರೆ ಸೇರಿಸು ಅಂತ ಕೇಳೋದನ್ನ ನಿಲ್ಲಿಸೋಕೂ ನನಗೆ ಹಕ್ಕಿಲ್ಲ, ಜಪಸರದಲ್ಲೇ ಕೇಳು ಅಂತ ಕಲಿಸಿದ್ದಾರೆ. ನೂರು ಕುರಿಲಿ 99 ಇದೆ ಸಾಕು ಅಂತ ಕುರುಬ ಮನೆಗೆ ಹೋಗಲಿಲ್ಲ. ಲೂಕ 15ರಲ್ಲಿ ಸಿಗೋವರೆಗೂ ಹುಡುಕ್ತಾನೆ ಅಂತ ಇದೆ, ಕತ್ತಲಾಗೋವರೆಗೂ ಅಂತ ಇಲ್ಲ. ಮೊದಲು ಎಲ್ಲಾ ಅಂದಾಗ ಅಜ್ಜಿ ಒಬ್ಬರೇ ಇದ್ರು. ಈಗ ಆ ಪದ ಹೇಳುವಾಗ ಭಾರ ಆಗುತ್ತೆ. ಆನಂದಪುರದೋರೇ, ಅದು ನಿಮ್ಮಿಂದ.

ಆನಂದಪುರದ_ಮೊಮ್ಮಗ

ನಾವು ಸಿಎಸ್‌ಐ, ಪ್ರಾಟೆಸ್ಟೆಂಟ್ ಸಭೆಯೋರು, ನಮ್ಮಲ್ಲಿ ಸತ್ತೋರಿಗೆ ಪ್ರಾರ್ಥನೆ ಮಾಡೋ ವಾಡಿಕೆ ಇಲ್ಲ. ಆದ್ರೂ ಆಗೋದಾದ್ರೆ ನಿಮ್ಮ ಚೀಟಿಲಿ ನಮ್ಮ ಮುತ್ತಾತನ ಹೆಸರೂ ಸೇರಿಸ್ತೀರಾ, ಮೆಸೇಜ್ ಮಾಡ್ತೀನಿ. ಇನ್ನೊಬ್ಬನ ಹೆಸರು ಕೊಡೋಕೆ ನನಗೆ ಇನ್ನೂ ಬಾಯಿ ಬರ್ತಿಲ್ಲ.

ಮಳೆಗಾಲ_ವಿರಾಜಪೇಟೆ

ಖಂಡಿತ ಸೇರಿಸ್ತೀನಿ. ಇನ್ನೊಂದು ಹೆಸರಿಗೆ ಅವಸರ ಇಲ್ಲ.

ವಾಕ್ಯಪ್ರಿಯ

ನಾನು ಒಪ್ಪಿದ್ದೀನಿ ಅಂತ ಅಲ್ಲ. ಕಂದಕ ದಾಟೋಕಾಗಲ್ಲ ಅನ್ನೋ ವಾಕ್ಯ ನನ್ನ ಮುಂದೆ ಹಾಗೇ ಇದೆ. ಆದ್ರೆ ನಿಮ್ಮ ಅಮ್ಮನಿಗೆ ಆ ಮೆಸೇಜ್ ಹಾಕಿದೋರ ಥರ ನಾನು ಇನ್ಮೇಲೆ ಮಾತಾಡಲ್ಲ. ತೀರ್ಪು ಕೊಡೋ ಕುರ್ಚಿ ನನ್ನದಲ್ಲ ಅಂತ ಗೊತ್ತಿತ್ತು, ಆದ್ರೂ ಎಷ್ಟೋ ಸಾರಿ ಹೋಗಿ ಕೂತಿದ್ದೀನಿ.

ಮಳೆಗಾಲ_ವಿರಾಜಪೇಟೆ

ನವೆಂಬರ್ 2, ಸಂಜೆ. ಬೆಳಿಗ್ಗೆ ಅಮ್ಮನೂ ನಾನೂ ಹೋಗಿದ್ವಿ. ಮೃತರ ಹೆಸರು ಬರ್ಕೊಳ್ಳೋಕೆ ಬಾಗಿಲ ಹತ್ರ ಒಬ್ಬ ಹುಡುಗ ನೋಟ್‌ಬುಕ್ ಇಟ್ಕೊಂಡು ಕೂತಿದ್ದ. ಅಮ್ಮ ಅಜ್ಜಿ ಹೆಸರು ಹೇಳಿದ್ರು. ಅವನು ಜ್ಞಾನಸ್ನಾನದ ಹೆಸರು ಹೇಳಿ ಆಂಟಿ ಅಂದ. ಅದೊಂದೇ ಹೆಸರು ಇರೋದು ಅಂದ್ರು ಅಮ್ಮ. ಅವನು ಒಂದು ಗಳಿಗೆ ಪೆನ್ನು ಹಿಡ್ಕೊಂಡು ನೋಡ್ದ, ಆಮೇಲೆ ಸ್ಪೆಲ್ಲಿಂಗ್ ಕೇಳಿ ಬರ್ಕೊಂಡ. ಕೆಳಗೆ ಆನಂದಪುರದ ಮುತ್ತಾತನ ಹೆಸರು ನಾನು ಹೇಳಿದೆ, ಅದನ್ನೂ ಬರ್ಕೊಂಡ. ಫಾದರ್ ಎಲ್ಲಾ ಹೆಸರು ಓದೋಕೆ ಸುಮಾರು ಹೊತ್ತು ಹಿಡೀತು, ಹೊರಗೆ ಮಳೆ ಹನಿ ಶುರುವಾಗಿತ್ತು. ಅಜ್ಜಿ ಹೆಸರು ಬಂದಾಗ ಅಮ್ಮ ತಲೆ ಮೇಲಿನ ಸೆರಗು ಸರಿ ಮಾಡ್ಕೊಂಡ್ರು. ನಾವು ಕೊನೇ ಬೆಂಚಲ್ಲಿ ಕೂತಿದ್ವಿ.